ಅಕ್ಕನ ವಿಮಾನಕ್ಕೆ ಸರ್ಕಾರದ ತಪಾಸಣೆ

ತಪಾಸಣೆ ಎಂಬ ಮಾತಿನ ಮೇಲೆ ಜನರಿಗಿರುವ ನಂಬಿಕೆ ನನಗಿಲ್ಲ. ಕಾರಣ ಬೇರೇನಲ್ಲ, ನಾನೇ ತಪಾಸಣೆ ಮಾಡುವವನು. ಬೆಳಗಾವಿ ಪೇಟೆಯಲ್ಲೂ ಖಾನಾಪುರದ ಕಡೆಯಲ್ಲೂ ಅಂಗಡಿಗಳ ತಕ್ಕಡಿ, ತೂಕದ ಕಲ್ಲು ನೋಡಿ ಮುದ್ರೆ ಒತ್ತುವುದು ನನ್ನ ನೌಕರಿ. ಹೊಸದರಲ್ಲಿ ಪ್ರತಿ ಕಲ್ಲನ್ನೂ ಎತ್ತಿ, ಬೋರಲು ಹಾಕಿ, ತಳ ಕೊರೆದಿದ್ದಾರೆಯೇ ಎಂದು ನೋಡುತ್ತಿದ್ದೆ. ಬರಬರುತ್ತ ಅಂಗಡಿಕಾರರು "ಕುಂದರ್ರಿ ಸಾಹೇಬ್ರ, ಮೊದಲ ಚಾ ತಗೋರಿ" ಎನ್ನುವುದನ್ನು ಕಲಿತರು, ನಾನು ಕೂರುವುದನ್ನು ಕಲಿತೆ. ಕೂತಲ್ಲಿಂದಲೂ ತಕ್ಕಡಿ ಕಾಣುತ್ತದೆ. ಕಾಣುವ ತಕ್ಕಡಿ ನೆಟ್ಟಗಿದ್ದರೆ ಸಾಕು ಎಂದು ನನಗೆ ಅನಿಸತೊಡಗಿ ಹದಿನೈದು ವರ್ಷವಾಗಿತ್ತು. ಲಂಚ ಮುಟ್ಟಿದವನಲ್ಲ, ಅಷ್ಟನ್ನು ಹೇಳಿಕೊಳ್ಳುತ್ತೇನೆ. ಆದರೆ ಸೋಮಾರಿಯಾಗಲು ಲಂಚವೇನೂ ಬೇಕಾಗುವುದಿಲ್ಲ.

ಇಂಥವನ ಕಣ್ಣಿಗೆ ಒಂದು ಮುಂಜಾನೆ ಆ ಸುದ್ದಿ ಬಿತ್ತು. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಅನಗೋಳದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಪೇಪರು ಓದುತ್ತಿದ್ದೆ. ಒಳಪುಟದ ಮೂಲೆಯಲ್ಲಿ, ನಮ್ಮ ದೇಶಕ್ಕೆ ಬಂದುಹೋಗುವ ಕೆಲವು ವಿದೇಶಿ ಕಂಪನಿಗಳ ವಿಮಾನಗಳನ್ನು ಸರ್ಕಾರ ತಪಾಸಣೆ ಮಾಡಲಿದೆ, ಸುರಕ್ಷತೆಯಲ್ಲಿ ಕೊರತೆ ಕಂಡರೆ ಹಾರಾಟವನ್ನೇ ನಿಷೇಧಿಸಲಿದೆ ಎಂದಿತ್ತು. ಕೆಳಗೆ ಕಂಪನಿಗಳ ಹೆಸರು. ಮೂರನೆಯ ಹೆಸರು ಓದುತ್ತಲೇ ಚಹಾದ ಕಪ್ಪು ಕೆಳಗಿಟ್ಟೆ. ಹತ್ತು ದಿನಗಳ ನಂತರ ಅದೇ ಕಂಪನಿಯ ವಿಮಾನದಲ್ಲಿ ಮುಂಬೈಯಿಂದ ಮಸ್ಕತ್ತಿಗೆ ಹೋಗಲು ನನ್ನ ಅಕ್ಕನಿಗೆ ನಾನೇ ಟಿಕೆಟ್ ತೆಗೆಸಿಟ್ಟಿದ್ದೆ.

ಅಕ್ಕ ಗಂಗವ್ವನನ್ನು ಕೊಟ್ಟದ್ದು ಖಾನಾಪುರ ತಾಲ್ಲೂಕಿನ ಪಾರಿಶ್ವಾಡಕ್ಕೆ. ಭತ್ತದ ಗದ್ದೆ, ನಾಲ್ಕು ಎಮ್ಮೆ, ಮಾತು ಕಡಿಮೆಯ ಗಂಡ. ಒಬ್ಬಳೇ ಮಗಳು ಸುವರ್ಣಾ ಮಸ್ಕತ್ತಿನಲ್ಲಿದ್ದಳು. ಅಳಿಯ ಅಲ್ಲಿ ಕ್ರೇನ್ ರಿಪೇರಿ ಮಾಡುತ್ತಿದ್ದ. ಹುಡುಗಿಗೆ ಚೊಚ್ಚಲು. ಪ್ರಯಾಣ ಕೂಡದೆಂದು ಡಾಕ್ಟರು ಹೇಳಿದ್ದರಿಂದ ಅವಳು ತವರಿಗೆ ಬರುವಂತಿರಲಿಲ್ಲ. ತವರೇ ಎದ್ದು ಅವಳಿದ್ದಲ್ಲಿಗೆ ಹೋಗಬೇಕಿತ್ತು. ಅಲ್ಲಿಯವರೆಗೆ ಅಕ್ಕನ ಅತಿ ದೂರದ ಪ್ರಯಾಣವೆಂದರೆ ಕೊಲ್ಹಾಪುರ.

ನನ್ನ ಸಂಕಟ ಎರಡು ಕಡೆಯದು. ವಿಮಾನ ನಪಾಸಾದರೆ ಅಕ್ಕ ಹೋಗುವಂತಿಲ್ಲ, ಅಲ್ಲಿ ಆ ಹುಡುಗಿಗೆ ಹೆಣ್ಣು ದಿಕ್ಕಿಲ್ಲ. ಪಾಸಾದರೆ ಇನ್ನೂ ಕಷ್ಟ. ಪಾಸು ಮಾಡಿದವನು ನನ್ನಂಥವನೇ ಆಗಿದ್ದರೆ? ಕಣ್ಣು ಮುಚ್ಚಿದರೆ ವಿಮಾನದ ರೆಕ್ಕೆಯ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ ಒಬ್ಬ ಅಧಿಕಾರಿ ಕಾಣುತ್ತಿದ್ದ. ಎರಡೂ ರೆಕ್ಕೆ ಸಮ ಇವೆ ಎಂದು ಕೂತಲ್ಲಿಂದಲೇ ನೋಡಿ ಅವನು ಸಹಿ ಹಾಕುತ್ತಿದ್ದ.

"ಅಕ್ಕಾರ ಮುಂದ ಈ ಸುದ್ದಿ ತಗೀಬ್ಯಾಡ್ರಿ ಮತ್ತ, ಹೆದರತಾರ," ಎಂದಳು ಹೆಂಡತಿ ಶಾಂತಾ. ಸರಿ ಎಂದು ಬಾಯಿ ಮುಚ್ಚಿಕೊಂಡೆ. ಬಾಯಿ ಮುಚ್ಚಿದರೆ ಕಾಲು ಸುಮ್ಮನಿರಬೇಕಲ್ಲ. ಮೊದಲು ಟಿಕೆಟ್ ಕೊಟ್ಟ ಏಜೆಂಟನ ಬಳಿ ಓಡಿದೆ. ಅವನು ನಗುತ್ತ, "ಪೇಪರದಾಗ ನೂರಾ ಎಂಟ ಬರೀತಾರ್ರಿ. ವಿಮಾನ ಖರೇನ ಚಲೋ ಐತಿ. ಅದರಾಗ ಹೋದವ್ರು ಒಬ್ಬರೂ ತಿರುಗಿ ಬಂದು ತಕರಾರು ಮಾಡಿಲ್ಲ," ಎಂದ. ಧೈರ್ಯ ಹೇಳಲೆಂದೇ ಹೇಳಿದ್ದ, ಪಾಪ. ನಾನು ಅದನ್ನೇ ಯೋಚಿಸುತ್ತ ಸೈಕಲ್ಲು ಅಲ್ಲೇ ಮರೆತು ನಡೆದುಕೊಂಡು ಮನೆಗೆ ಬಂದೆ.

ಮರುದಿನ ಸಾಂಬ್ರಾಕ್ಕೆ ಹೋದೆ. ನಮ್ಮೂರ ವಿಮಾನ ನಿಲ್ದಾಣ ಅಲ್ಲಿದೆ, ಯಾರಾದರೂ ತಿಳಿದವರು ಸಿಕ್ಕಾರು ಎಂಬ ಆಸೆ. ಸಿಕ್ಕವನು ಗೇಟಿನ ಕಾವಲುಗಾರ. ನನ್ನ ಪ್ರಶ್ನೆಯನ್ನು ಪೂರ್ತಿ ಕೇಳಿ, "ಇಲ್ಲೆ ನಮ್ಮ ದೇಶದ ವಿಮಾನನ ಸರಿಯಾಗಿ ಬರೂದಿಲ್ರಿ. ಪರದೇಶದ್ದ ನನಗೇನ ಗೊತ್ತು?" ಎಂದ. ನಾನು ಹೊರಡದೆ ನಿಂತಿದ್ದನ್ನು ನೋಡಿ ಕನಿಕರದಿಂದ ತನ್ನ ಸ್ಟೂಲು ಕೊಟ್ಟ.

ಹೊರಡುವ ಎರಡು ದಿನ ಮುಂಚೆ ಖಾನಾಪುರದ ಕೆಲಸವೆಂದು ನೆವ ಹೇಳಿ ಪಾರಿಶ್ವಾಡಕ್ಕೂ ಹೋಗಿಬಂದೆ. ಅಕ್ಕ ಪಡಸಾಲೆಯಲ್ಲಿ ಕೂತು ಕೂಸಿಗೆಂದು ಹೊಲಿದ ಕೌದಿ, ಕುಂಚಿಗೆ, ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ಯಾಕೋ ತಮ್ಮಾ, ಮಾರಿ ಸಣ್ಣದಾಗೇತಿ?"

"ಬಿಸಲ, ಅಕ್ಕಾ."

ಅವಳೂ ನನ್ನ ಮುಖ ನೋಡಿ ಏನೋ ಹೇಳಲು ಹೋಗಿ, ಹೇಳದೆ, ಒಂದು ಉಂಡಿ ಕೈಗಿಟ್ಟಳು.

ಅಕ್ಕನನ್ನು ಕರೆದುಕೊಂಡು ರಾತ್ರಿ ಬಸ್ಸಿನಲ್ಲಿ ಮುಂಬೈ ಮುಟ್ಟಿ, ಹೇಗೋ ದಾರಿ ಕೇಳಿಕೊಂಡು ವಿಮಾನ ನಿಲ್ದಾಣಕ್ಕೆ ಹೋದಾಗ ಬೆಳಗಿನ ಒಂಬತ್ತು. ನನಗೆ ಬಾಗಿಲ ಮುಂದಿನ ಕಬ್ಬಿಣದ ಕಟಕಟೆಯ ತನಕ ಮಾತ್ರ ಪ್ರವೇಶ. ಅಕ್ಕ ಚೀಲದ ಗಾಡಿ ತಳ್ಳಿಕೊಂಡು ಒಳಗೆ ಹೋದವಳು ಐದೇ ನಿಮಿಷಕ್ಕೆ ಮರಳಿ ಕಟಕಟೆಯ ಹತ್ತಿರ ಬಂದಳು. "ಚೀಲಾ ಈಗ ತಗೋಳೂದಿಲ್ಲಂತ. ನಿಂದರ್ರಿ ಅಂದ್ರು."

ಅವಳ ಹಿಂದೆಯೇ ಟೈ ಕಟ್ಟಿದ, ವಿಮಾನ ಕಂಪನಿಯ ತರುಣ ಅಧಿಕಾರಿಯೊಬ್ಬ ಬಂದು, ವಿಮಾನದಲ್ಲಿ ಸರ್ಕಾರದವರ ತಪಾಸಣೆ ನಡೆದಿದೆ, ತಡವಾಗುತ್ತದೆ ಎಂದು ಸಾರಿಹೋದ. ಒಂದು ತಾಸಾಯಿತು, ಎರಡಾಯಿತು. ಇಷ್ಟು ಹೊತ್ತು ನೋಡುವಂಥದ್ದು ಏನಿರುತ್ತದೆ? ಹತ್ತು ದಿನದಿಂದ ತಪಾಸಣೆ ನೆಟ್ಟಗೆ ಆಗಲಿ ಎಂದು ಹರಕೆ ಹೊತ್ತವನು ನಾನೇ. ಮೂರನೆಯ ತಾಸಿಗೆ ಅದೆಲ್ಲ ಮರೆತುಹೋಯಿತು. ಆ ತರುಣ ಮತ್ತೆ ಕಂಡಾಗ ಕೈ ಬೀಸಿ ಕರೆದು ಮರಾಠಿಯಲ್ಲಿ ಬೇಡಿಕೊಂಡೆ: ಹುಡುಗಿಗೆ ದಿನ ತುಂಬಿವೆ, ತಾಯಿ ಹೋಗಲೇಬೇಕು. ಸಣ್ಣಪುಟ್ಟದ್ದೇನಾದರೂ ಇದ್ದರೆ ಈ ಒಂದು ಸಲ ಬಿಟ್ಟುಬಿಡಲು ಆ ಸಾಹೇಬರಿಗೆ ಹೇಳಿ.

"ನಾವೂ ಬೆಳಗಿನಿಂದ ಅವರಿಗೆ ಅದನ್ನೇ ಹೇಳುತ್ತಿದ್ದೇವೆ," ಎಂದ ಅವನು.

ನಾನು ಅಕ್ಕನ ಕಡೆ ತಿರುಗಿದೆ. ಅಕ್ಕನಿಗೆ ತಿಳಿಯದಿರಲಿ ಎಂದು ಮರಾಠಿಯಲ್ಲಿ ಮಾತಾಡಿದ್ದೆ. ಊರೂರಲ್ಲೂ ಮರಾಠಿ ಆಡುವ ಖಾನಾಪುರ ತಾಲ್ಲೂಕಿನವಳಿಗೆ ಮರಾಠಿಯಲ್ಲಿ ಏನು ಮುಚ್ಚಿಟ್ಟಂತಾಯಿತು?

"ಸುಮ್ನ ನಿಂದರೋ ತಮ್ಮಾ," ಎಂದಳು ಅಕ್ಕ. "ಅವ್ರು ನೋಡ್ಲಿ. ಎಷ್ಟ ಹೊತ್ತಾದ್ರೂ ನೋಡ್ಲಿ. ನಾ ಮಗಳ ಹಂತೇಕ ಮುಟ್ಟಬೇಕು, ಬರೇ ವಿಮಾನ ಹತ್ತೂದಲ್ಲ."

"ನಿನಗ ಮೊದಲ ಗೊತ್ತಿತ್ತೇನ?"

"ನಮ್ಮೂರಿಗೂ ಪೇಪರ ಬರತೈತಿ. ಸಾಲಿ ಮಾಸ್ತರ ಓದಿ ಹೇಳಿದ್ರು. ನಿನಗ ಹೇಳಿದ್ರ ಊಟ ಬಿಡತೀ ಅಂತ ಹೇಳಲಿಲ್ಲ." ಮತ್ತೆ ಅವಳೇ ಕೇಳಿದಳು, "ನೀನೂ ಅಂಗಡಿ ನೋಡಾಕ ಹೋದಾಗ ಮಂದಿ ಹಿಂಗ ಬಿಡ್ರಿ ಬಿಡ್ರಿ ಅಂತಾರೇನ?"

"ಇಲ್ಲ ಅಕ್ಕಾ," ಎಂದೆ. ಸುಳ್ಳೇನಲ್ಲ. ಹಾಗೆ ಕೇಳುವ ತೊಂದರೆಯನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ತೀರ್ಮಾನ ಬಂತು. ಅಪಾಯದಲ್ಲಿ ಇಳಿಯಲು ಇರುವ ಬಾಗಿಲುಗಳಲ್ಲಿ ಒಂದು ತೆರೆಯುತ್ತಿರಲಿಲ್ಲವಂತೆ. ಅದು ಸರಿಯಾಗುವ ತನಕ ಆ ವಿಮಾನ ಹಾರುವಂತಿಲ್ಲ. ಪ್ರಯಾಣಿಕರಿಗೆ ಒಂದು ಲಾಡ್ಜಿನಲ್ಲಿ ಇಳಿಯಲು ವ್ಯವಸ್ಥೆ ಮಾಡಿ, ಮರುದಿನ ಮುಂಜಾನೆ ಬೇರೆ ಕಂಪನಿಯ ವಿಮಾನದಲ್ಲಿ ಕಳಿಸಿದರು. ಅಕ್ಕ ಕೌದಿಯ ಚೀಲದ ಗಾಡಿ ತಳ್ಳುತ್ತ ಒಳಗೆ ಹೋದಳು. ತಿರುಗಿ ನೋಡಿದ್ದು ಒಂದೇ ಸಲ, ಅದೂ ನಾನು ನಾಷ್ಟಾ ಮಾಡಿದ್ದೇನೋ ಇಲ್ಲವೋ ಎಂದು ಸನ್ನೆಯಲ್ಲಿ ಕೇಳಲು.

ಸಂಜೆ ಟೆಲಿಫೋನ್ ಬೂತಿನಿಂದ ಅಳಿಯನಿಗೆ ಫೋನು ಮಾಡಿದೆ. ಅಕ್ಕನೇ ಎತ್ತಿಕೊಂಡಳು. ಹೆಣ್ಣು ಕೂಸು. ಹಿಂದಿನ ದಿನವೇ, ನಾವು ಕಟಕಟೆಯ ಹತ್ತಿರ ನಿಂತಿದ್ದ ಹೊತ್ತಿಗೇ ಹುಟ್ಟಿತ್ತು. ಸುವರ್ಣಾ ಅವ್ವಾ ಅವ್ವಾ ಎಂದು ಕೂಗಿ ಕೂಗಿ ಅತ್ತಳಂತೆ.

"ಒಂದ ದಿನದಾಗ ತಪ್ಪಿತಲ್ಲ ಅಕ್ಕಾ," ಎಂದೆ.

"ತಪ್ಪೇತಿ," ಎಂದಳು. "ಆದ್ರ ಇವತ್ತ ಕೂಸಿಗೆ ನೀರ ಎರದಾಕಿ ನಾನ. ಕೂಸಿನ ಮೂಗು ಥೇಟ ನಿಂದ. ನೀ ಇನ್ನ ಊರಿಗೆ ನಡಿ."

ಬೂತಿನಲ್ಲೇ ಕಣ್ಣೊರೆಸಿಕೊಂಡು ಸಿಕ್ಕ ಖಾಸಗಿ ಬಸ್ಸು ಹತ್ತಿದೆ. ಬಾಗಿಲ ಪಕ್ಕದ ಸೀಟು. ಬಸ್ಸು ಹೊರಟ ಮೇಲೆ ಕಂಡಕ್ಟರ್ ಬಂದು ಒಂದು ಹಗ್ಗದ ತುದಿ ನನ್ನ ಕೈಗೆ ಕೊಟ್ಟ. "ಬಾಗಲಾ ಸರಿ ಹತ್ತೂದಿಲ್ರಿ. ಇದನ್ನ ಜಗ್ಗಿ ಹಿಡಕೊಂಡ ಕುಂದರ್ರಿ, ಏನೂ ಆಗೂದಿಲ್ಲ."

ಒಂದು ಬಾಗಿಲಿಗಾಗಿ ಇಡೀ ವಿಮಾನವನ್ನು ನಿಲ್ಲಿಸಿದ ಆ ಪುಣ್ಯಾತ್ಮನನ್ನು ಮನಸ್ಸಿನಲ್ಲೇ ಹರಸುತ್ತ ಹಗ್ಗ ಹಿಡಿದುಕೊಂಡೆ. ಹತ್ತು ದಿನದ ನಿದ್ದೆ ಬಾಕಿ ಇತ್ತು. ಎಚ್ಚರವಾದಾಗ ಬೆಳಗಾಗಿತ್ತು, ಬಸ್ಸು ನಿಪ್ಪಾಣಿ ದಾಟುತ್ತಿತ್ತು, ಕೈಯಲ್ಲಿ ಹಗ್ಗವಿರಲಿಲ್ಲ. ಗಾಬರಿಯಾಗಿ ನೋಡಿದರೆ ಪಕ್ಕದ ಸೀಟಿನ ಮುದುಕ ಅದನ್ನು ಎರಡೂ ಕೈಯಲ್ಲಿ ಜಗ್ಗಿ ಹಿಡಿದು ಕೂತಿದ್ದ.

"ನೀವು ಮಲಕೋರಿ, ನಾ ನೋಡಕೋತೀನಿ," ಎಂದ.

ನಾನು ಮಲಗಿದೆ.