ನನ್ನ ನೌಕಾಪಡೆ ಮತ್ತು ಕಂಪ್ಲಿ ಬಸ್ಸಿನ ರೊಟ್ಟಿ

ಸಮುದ್ರವನ್ನು ಆಳಲೇಬೇಕೆಂದು ನಾನು ಪಣ ತೊಟ್ಟಿದ್ದು ಹೊಸಪೇಟೆಯಲ್ಲಿ! ಇಲ್ಲಿಂದ ಸಮುದ್ರ ನೋಡಲು ಒಂದು ರಾತ್ರಿಯ ಬಸ್ ಪ್ರಯಾಣ ಬೇಕು. ನನ್ನ ನೌಕಾ ಅನುಭವವೆಂದರೆ ಹಂಪಿಯಲ್ಲಿ ಒಮ್ಮೆ ಹರಿಗೋಲು ಹತ್ತಿದ್ದು. ಅಂಬಿಗ ಅದನ್ನು ಮೂರು ಸುತ್ತು ತಿರುಗಿಸುವಷ್ಟರಲ್ಲಿ, ಹೊಸದಾಗಿ ಮದುವೆಯಾಗಿದ್ದ ಹೆಂಡತಿಯ ಎದುರಿಗೇ, ಬೆಳಗಿನ ಒಗ್ಗರಣೆ-ಮಿರ್ಚಿಯನ್ನೆಲ್ಲ ತುಂಗಭದ್ರೆಗೆ ಅರ್ಪಿಸಿದ್ದೆ. ಅಂಥವನು ನಲವತ್ತು ಯುದ್ಧನೌಕೆಗಳ ಒಡೆಯನಾಗಲು ಹೊರಟೆ. ಅದೂ ಫೋನಿನಲ್ಲಿ!

ಯಾಕೆಂದು ಹೇಳಬೇಕು. ನಾನು ರಸಾಯನಶಾಸ್ತ್ರದ ಎಂ.ಎಸ್ಸಿ. ತೋರಣಗಲ್ಲಿನ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ, ಅದಿರಿನಲ್ಲಿ ಕಬ್ಬಿಣ ಎಷ್ಟು, ಮಣ್ಣೆಷ್ಟು ಎಂದು ನೋಡಿ ಹೇಳುವುದು ನನ್ನ ಕೆಲಸ. ಮೂರು ಶಿಫ್ಟು. ಕಂಪನಿ ಬಸ್ಸು ಹೊರಡುವುದು ಹೊಸಪೇಟೆಯಿಂದ. ಹಾಗಾಗಿ ಹೊಸಪೇಟೆಯಲ್ಲಿ ನನಗೊಂದು ಕೋಣೆ. ಹೆಂಡತಿ ತುಳಸಿ ಕಂಪ್ಲಿಯಲ್ಲಿ ನರ್ಸು. ನಡುವಿನ ದಾರಿ ಬಸ್ಸಿನಲ್ಲಿ ಒಂದು ಗಂಟೆ. ಆದರೆ ನನ್ನ ವಾರದ ರಜೆ ಬುಧವಾರ, ಅವಳದು ಭಾನುವಾರ! ಬುಧವಾರ ನಾನು ಹೋದರೆ ಅವಳು ವಾರ್ಡಿನಲ್ಲಿ. ಭಾನುವಾರ ಅವಳು ಬಂದರೆ ನಾನು ಲ್ಯಾಬಿನಲ್ಲಿ. ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ, ಬೀಗ ತೆಗೆದು, ಒಂಟಿಯಾಗಿ ಟೀ ಕುಡಿದು, ಲೋಟ ತೊಳೆದು ಬೋರಲು ಹಾಕಿ ಬಂದದ್ದೂ ಉಂಟು. ಸಂಜೆ ಬಂದು ಬೋರಲು ಬಿದ್ದ ಲೋಟ ನೋಡಿದರೆ, ಓ, ಇವತ್ತು ಹೆಂಡತಿ ಬಂದಿದ್ದಳು ಎಂದು ತಿಳಿಯುತ್ತಿತ್ತು.

ಉಳಿದದ್ದು ಫೋನು.

"ಊಟ ಆತ?"

"ಆತು. ನಿಮ್ದು?"

"ಆತು. ಮತ್ತ?"

"ಮತ್ತೇನಿಲ್ಲ."

ಆಮೇಲೆ ಇಬ್ಬರೂ ಫೋನ್ ಇಡುವುದಿಲ್ಲ. ಅವಳ ಕೋಣೆಯ ಫ್ಯಾನಿನ ಸದ್ದನ್ನು ನಾನು, ನನ್ನ ಕೋಣೆಯ ಫ್ಯಾನಿನ ಸದ್ದನ್ನು ಅವಳು ಕೇಳುತ್ತ ಕೂರುತ್ತಿದ್ದೆವು.

ತಪ್ಪದೆ ಬರುತ್ತಿದ್ದುದು ಡಬ್ಬಿ ಒಂದೇ. ಕಂಪ್ಲಿಯಿಂದ ಬರುವ ಖಾಸಗಿ ಬಸ್ಸಿನ ಕಂಡಕ್ಟರ್ ಹುಸೇನಪ್ಪನ ಕೈಯಲ್ಲಿ ತುಳಸಿ ದಿನಾ ಬುತ್ತಿ ಕಟ್ಟಿ ಕಳಿಸುತ್ತಿದ್ದಳು. ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಐದು ಜೋಳದ ರೊಟ್ಟಿ. ಯಾವಾಗಲೂ ಐದು.

ಲ್ಯಾಬಿನಲ್ಲಿ ನನ್ನ ಜೊತೆಗಾರ ಸಂಡೂರಿನ ಸಿದ್ದಲಿಂಗೇಶ್. ಅವನೇ ಒಂದು ದಿನ ಆ ಆಟ ತೋರಿಸಿದ್ದು. ಹಳೆಯ ಕಾಲದ ರಾಜರು, ಕೋಟೆಗಳು, ಹಡಗುಗಳು. "ಸರ್, ನೀವೂ ಮೇಡಮ್ಮೂ ಒಂದ ಸಮುದ್ರದಾಗ ಆಡ್ರಿ. ಮಾತಾಡಾಕ ವಿಷಯಾನೂ ಸಿಗ್ತೈತಿ," ಎಂದ.

ತುಳಸಿಗೆ ಹೇಳಿದೆ. "ಮೂವತ್ತು ಪೇಷಂಟ್ ನೋಡಿ ಬಂದೀನ್ರೀ. ಈಗ ರಾಜ್ಯಾನೂ ನೋಡಬೇಕೇನು?" ಎಂದು ರೇಗಿದಳು. ಆದರೂ ಮರುದಿನವೇ ಆಟ ಹಾಕಿಕೊಂಡು ಭತ್ತ ಬೆಳೆಯುವ ಒಂದು ಚಿಕ್ಕ ರೇವು ಆರಿಸಿಕೊಂಡಳು. ನಾನು ಆರಿಸಿಕೊಂಡದ್ದು ಎರಡು ಗುಡ್ಡಗಳ ನಡುವೆ ಸಮುದ್ರ ಕಿರಿದಾಗುವ ಜಾಗ. ಪೇಟೆಗೆ ಹೋಗುವ ಹಡಗುಗಳೆಲ್ಲ ನನ್ನ ಮೂಗಿನ ಕೆಳಗೇ ಹಾಯಬೇಕು!

"ಸರ್, ಯುದ್ಧ ಮಾಡಬ್ಯಾಡ್ರಿ," ಎಂದು ಸಿದ್ದಲಿಂಗೇಶ್ ಗುಟ್ಟು ಹೇಳಿದ. "ಹಡಗು ಕಟ್ಟಿ ಅಲ್ಲಿ ಸುಮ್ನ ನಿಲ್ಸ್ರಿ. ಹೋಗೋರು ಬರೋರು ಸುಂಕ ಕೊಡ್ಲಿ. ನೌಕಾಪಡೆ ಅಂದ್ರ ನೀರಿನ ಮ್ಯಾಲಿನ ಟೋಲ್ ಗೇಟು!"

ಎಂಥ ಜ್ಞಾನ! ಆಟದ ನನ್ನ ರಾಜ್ಯದ ಗಣಿಯ ಕಬ್ಬಿಣವನ್ನೆಲ್ಲ ಸುರಿದು ಹಡಗು ಕಟ್ಟಿಸಿದೆ. ನೂರಕ್ಕೆ ಐದು ಸುಂಕ ಹಾಕಿದೆ. ಸುಂಕ ಕೊಟ್ಟ ಹಡಗಿಗೆ ತಾನಾಗಿ ಹೋಗುವಂತೆ ಒಂದು ಸಂದೇಶ ಬರೆದಿಡಬಹುದಿತ್ತು. ನಾನು ಶಿಸ್ತಿನ ಮನುಷ್ಯ, ಬರೆದಿಟ್ಟೆ: "ಸುಂಕ ಮುಟ್ಟಿತು. ಕ್ಷೇಮವಾಗಿ ಹೋಗಿ ಬನ್ನಿರಿ. ಇತಿ, ಮೌನೇಶ ಮಹಾರಾಜ."

ಬೊಕ್ಕಸ ತುಂಬಿತು. ಸುಂಕವನ್ನು ಇಪ್ಪತ್ತಕ್ಕೆ ಏರಿಸಿದೆ. ಇನ್ನೂ ತುಂಬಿತು! ಕಂಪ್ಯೂಟರಿನಲ್ಲಿ ಗ್ರಾಫ್ ಹಾಕಿದೆ. ಗೆರೆ ಸಂಡೂರಿನ ರಾಮಘಡದ ಘಾಟಿಯಂತೆ ಮೇಲೇರಿತ್ತು. ಬರಬರುತ್ತಾ ಹಡಗುಗಳ ಸಂಖ್ಯೆ ಕಡಿಮೆಯಾಗುತ್ತಿರುವುದು ಕಾಣಿಸಿತು. ಸಣ್ಣಪುಟ್ಟವರು ನನ್ನ ಪ್ರತಾಪಕ್ಕೆ ಹೆದರಿ ಮನೆ ಸೇರಿದ್ದಾರೆ, ದೊಡ್ಡ ಮನಸ್ಸಿನ ಗಿರಾಕಿಗಳು ಉಳಿದಿದ್ದಾರೆ ಎಂದು ವಿಶ್ಲೇಷಿಸಿದೆ. ಸುಂಕ ನಲವತ್ತಾಯಿತು!

"ತುಳಸಿ, ನನ್ನ ಆದಾಯ ಮೂರು ಪಟ್ಟು ಆತು!"

"ಹೌದಾ," ಎಂದಳು.

"ನಿನ್ನ ಭತ್ತ ಹೆಂಗೈತಿ?"

"ಐತಿ." ಆಮೇಲೆ ಫ್ಯಾನಿನ ಸದ್ದು.

ಈ ವೈಭವದ ನಡುವೆಯೇ ಡಬ್ಬಿಯಲ್ಲಿ ಕಳ್ಳತನ ಶುರುವಾಯಿತು. ಒಂದು ದಿನ ನಾಲ್ಕೇ ರೊಟ್ಟಿ! ಎಣಿಕೆ ತಪ್ಪಿರಬೇಕು ಎಂದುಕೊಂಡೆ. ಮರುದಿನವೂ ನಾಲ್ಕು. ಕೆಲವು ದಿನ ಕಳೆದು ಮೂರಕ್ಕಿಳಿಯಿತು. ನಾನು ವಿಜ್ಞಾನ ಓದಿದವನು, ಗಾಬರಿಯಾಗಲಿಲ್ಲ. ತಕ್ಕಡಿ ತಂದು ಡಬ್ಬಿಯನ್ನು ದಿನಾ ತೂಗಿದೆ. ಪಲ್ಯ ಸರಿ, ಚಟ್ನಿ ಸರಿ, ರೊಟ್ಟಿ ಮಾತ್ರ ಖೋತಾ. ಕಾರಣ ಹೇಳದೆ ತುಳಸಿಗೆ, "ನಾಳಿಯಿಂದ ಡಬ್ಬಿಗೆ ಟೇಪ್ ಸುತ್ತಿ ಕಳಸು," ಎಂದೆ. ಸುತ್ತಿ ಕಳಿಸಿದಳು. ಟೇಪು ಹಾಗೇ ಇತ್ತು. ಒಳಗೆ ಮೂರೇ ರೊಟ್ಟಿ!

ಟೇಪು ಹರಿಯದೆ ರೊಟ್ಟಿ ಕದಿಯುವ ಕಲೆ! ಹುಸೇನಪ್ಪ ಸಾಮಾನ್ಯನಲ್ಲ ಎಂದು ಖಾತ್ರಿಯಾಯಿತು. ಮರುದಿನ ಬಸ್ ನಿಲ್ದಾಣದಲ್ಲೇ ಡಬ್ಬಿ ಬಿಚ್ಚಿ ಅವನ ಮುಂದೆ ಹಿಡಿದೆ.

"ಹುಸೇನಪ್ಪ, ಇದರಾಗ ಐದು ರೊಟ್ಟಿ ಇರಬೇಕು. ಇನ್ನೆರಡು ಎಲ್ಲಿ?"

ಅವನ ಕೈಯಲ್ಲಿದ್ದ ಟಿಕೆಟ್ ಮಿಷನ್ ಅಲ್ಲೇ ನಿಂತಿತು. "ಅಂದ್ರ? ನಾ ತಿಂದೀನಂತೇನ್ರಿ ಸರ್?"

"ಹಂಗಂತ ಅಲ್ಲ. ದಾರ್ಯಾಗ ನಿನ್ನ ಬಿಟ್ರ ಡಬ್ಬಿ ಯಾರೂ ಮುಟ್ಟಲ್ಲ. ಉಳಿದ ಸಾಧ್ಯತೆ ಎಲ್ಲಾ ತೆಗದು ಹಾಕೀನಿ."

"ಪಲ್ಯ ಚೆಲ್ತೈತಿ ಅಂತ ನನ್ನ ಸೀಟಿನ ಮ್ಯಾಲ ಡಬ್ಬಿ ಇಟ್ಟು, ನಾ ನಿಂತ್ಕಂಡು ಬರ್ತೀನ್ರೀ ದಿನಾ! ನಾಳಿಯಿಂದ ನಿಮ್ಮ ಡಬ್ಬಿ ತರಲ್ಲ. ಹೋಗ್ರಿ!"

ಕಿಟಕಿಯಿಂದ ಒಬ್ಬ ಅಜ್ಜಿ ತಲೆ ಹೊರಗೆ ಹಾಕಿದಳು. "ಎರಡು ರೊಟ್ಟಿಗೆ ಬಸ್ಸು ನಿಲ್ಸ್ಯಾನ ನೋಡ್ರವ್ವಾ, ಪುಣ್ಯಾತ್ಮ!" ಇಡೀ ಬಸ್ಸು ನಕ್ಕಿತು. ಕೋಣೆಗೆ ಬಂದು ಫೋನ್ ಮಾಡಿದೆ.

"ತುಳಸಿ, ಆ ಹುಸೇನಪ್ಪ ನಿನ್ನ ರೊಟ್ಟಿ ಕದೀತಾನ! ಎಲ್ಲಾರ ಮುಂದ ಕೇಳಿ ಬಂದೆ."

ಅವಳು ಫ್ಯಾನು ಆರಿಸಿದ ಸದ್ದಾಯಿತು. ಆಮೇಲೆ, "ಅಯ್ಯ, ಅವರಿಗ್ಯಾಕ ಅಂದ್ರಿ? ತೆಗದಾಕಿ ನಾನ್ರೀ," ಎಂದಳು.

"ನೀನಾ?"

"ಸುಂಕ ಹಿಡಕೊಂಡೀನಿ. ನೂರಕ್ಕ ನಲವತ್ತು. ಐದು ರೊಟ್ಟಿಗೆ ಎಷ್ಟಾತು? ಎಂ.ಎಸ್ಸಿ. ಓದೀರಿ, ನೀವ ಹೇಳ್ರಿ."

ಡಬ್ಬಿಯಲ್ಲಿದ್ದ ಮೂರು ರೊಟ್ಟಿಗಳತ್ತ ನೋಡಿದೆ.

"ನಿಮ್ಮ ಸಮುದ್ರದಾಗ ಈಗ ಯಾರ ಹಡಗು ಓಡಾಡ್ತಾವು, ಒಮ್ಮೆರ ನೋಡೀರೇನು?"

ಫೋನ್ ಕಿವಿಯಿಂದ ತೆಗೆದು ಆಟ ತೆರೆದೆ. ಜಲಸಂಧಿಯಲ್ಲಿ ಒಂದು ಹಡಗು ಹೊರಟಿತ್ತು. ಮುಟ್ಟಿ ನೋಡಿದೆ: ತುಳಸಿಯದು. ಅದರ ಹಿಂದಿನದೂ ತುಳಸಿಯದೇ. ಹುಡುಕಿದೆ, ಬೇರೆ ಯಾರ ಬಾವುಟವೂ ಇರಲಿಲ್ಲ. ಸುಂಕ ಇಪ್ಪತ್ತಾದಾಗಲೇ ಉಳಿದ ರಾಜರೆಲ್ಲ ಎತ್ತಿನ ಬಂಡಿ ಹೂಡಿಕೊಂಡು ಗುಡ್ಡದ ದಾರಿ ಹಿಡಿದಿದ್ದರು. ನನ್ನ ಮೂರು ಪಟ್ಟು ಆದಾಯ, ನನ್ನ ಗ್ರಾಫು, ನನ್ನ ಪ್ರತಾಪ, ಎಲ್ಲವೂ ಕಂಪ್ಲಿಯ ಒಬ್ಬ ನರ್ಸಿನ ಭತ್ತ! ನಲವತ್ತು ಯುದ್ಧನೌಕೆಗಳು ಹಗಲಿರುಳು ಕಾವಲು ನಿಂತು ದೋಚುತ್ತಿದ್ದುದು ನನ್ನ ಹೆಂಡತಿಯನ್ನು!

"ಮೊದಲನೇ ರೊಟ್ಟಿ ತೆಗದ ದಿನಾನ ಕೇಳ್ತೀರಿ ಅನ್ಕಂಡೆ," ಎಂದಳು. "'ಯಾಕ ತುಳಸಿ, ಒಂದು ಕಮ್ಮಿ ಐತಿ' ಅಂತ. ಕೇಳಿದ್ರ ಹೇಳ್ತಿದ್ದೆ. ಏನು ಮಾಡ್ತಿದ್ರಿ ಅಷ್ಟು ದಿನ?"

"ತೂಕ ಮಾಡ್ತಿದ್ದೆ."

"ತೂಕ ಮಾಡಿದ್ರಾ!" ನಕ್ಕಳೋ ಅತ್ತಳೋ ಫೋನಿನಲ್ಲಿ ತಿಳಿಯಲಿಲ್ಲ.

ಮರುದಿನ ಡಬ್ಬಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಹೋಟೆಲಿನಲ್ಲಿ ಉಂಡು ಬಂದು ಕೂತರೆ, ಸಂಜೆ ನಿಲ್ದಾಣಕ್ಕೆ ಹೋಗುವ ಕೆಲಸವೂ ಇಲ್ಲದೆ ಕೋಣೆ ದೊಡ್ಡದಾಗಿ ಕಂಡಿತು. ಸಿದ್ದಲಿಂಗೇಶನ ಹತ್ತಿರ ಹೋದೆ. "ಈ ಭಾನುವಾರ ನನ್ನ ಶಿಫ್ಟು ನೀ ಮಾಡ್ತೀಯೇನು? ನಿನ್ನದೊಂದು ನಾ ಮಾಡ್ತೀನಿ."

"ಅದಕ್ಕೇನ್ರಿ ಸರ್, ಮಸ್ತ್ ಆತು. ಇಷ್ಟು ದಿನ ಯಾಕ ಕೇಳಿಲ್ಲ?"

ರೋಸ್ಟರಿನಲ್ಲಿ ಹಾಕಿದ್ದನ್ನು ಬದಲಿಸಬಾರದು ಎಂದುಕೊಂಡಿದ್ದೆ. ಯಾರೂ ಹಾಗೆ ಹೇಳಿರಲಿಲ್ಲ, ನಾನೇ ಅಂದುಕೊಂಡಿದ್ದು.

ಭಾನುವಾರ ಖಾಲಿ ಡಬ್ಬಿ ಹಿಡಿದು ಹುಸೇನಪ್ಪನ ಬಸ್ಸು ಹತ್ತಿದೆ. "ತಪ್ಪಾತು ಹುಸೇನಪ್ಪ. ರೊಟ್ಟಿ ತೆಗದಾಕಿ ನನ್ನ ಹೆಂಡ್ತೀನ," ಎಂದೆ. ಅವನು ಮುಖ ನೋಡದೆ ಎರಡು ಟಿಕೆಟ್ ಹರಿದ.

"ಒಬ್ಬನ ಅದೀನಲ್ಲ?"

"ಇನ್ನೊಂದು ಡಬ್ಬಿಗೆ. ಲಗೇಜು. ಇಷ್ಟು ದಿನ ಫ್ರೀ ಇತ್ತು."

ಎರಡರ ದುಡ್ಡೂ ಕೊಟ್ಟೆ. ಸುಂಕದ ಬಗ್ಗೆ ಮಾತಾಡುವ ಯೋಗ್ಯತೆ ನನಗಿರಲಿಲ್ಲ.

ಕಂಪ್ಲಿಯ ಮನೆಯಲ್ಲಿ ಬೀಗ ಇರಲಿಲ್ಲ! ಒಳಗಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಒಲೆಯ ಪಕ್ಕ ಕುಳಿತು ಬಿಸಿ ರೊಟ್ಟಿ ತಿನ್ನುತ್ತ, ನಾಲ್ಕು ದಿನದಿಂದ ಕೊರೆಯುತ್ತಿದ್ದುದನ್ನು ಕೇಳಿದೆ. "ಎಲ್ಲಾರೂ ಗುಡ್ಡದ ದಾರಿ ಹಿಡದ್ರು. ಅಲ್ಲಿ ಸುಂಕಾನ ಇಲ್ಲ. ನೀ ಯಾಕ ಹೋಗಲಿಲ್ಲ?"

ತುಳಸಿ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು. "ಆ ದಾರ್ಯಾಗ ನಿಮ್ಮ ರೇವು ಬರಲ್ಲಲ್ರೀ."

"ಬರಲಿಲ್ಲಂದ್ರ?"

"ನಿಮ್ಮ ಮುಂದ ಹಾದ್ರ ಮೆಸೇಜ್ ಬರ್ತಿತ್ತು. 'ಕ್ಷೇಮವಾಗಿ ಹೋಗಿ ಬನ್ನಿರಿ, ಇತಿ ಮೌನೇಶ' ಅಂತ. ದಿನಾ ಡ್ಯೂಟಿಗೆ ಹೋಗೋ ಮುಂದ ಒಂದು ಹಡಗು ಬಿಡ್ತಿದ್ದೆ, ಬರೋ ಮುಂದ ಒಂದು."

ತಟ್ಟೆ ಕೆಳಗಿಟ್ಟೆ. ಜೇಬಿನಿಂದ ಫೋನ್ ತೆಗೆದು, ಅವಳ ಕಣ್ಣೆದುರಿಗೇ ಸುಂಕವನ್ನು ಸೊನ್ನೆ ಮಾಡಲು ಹೋದೆ. ಹಿಟ್ಟಿನ ಕೈಯಲ್ಲೇ ನನ್ನ ಕೈ ಹಿಡಿದಳು.

"ಪೂರ್ತಿ ತೆಗೀಬ್ಯಾಡ್ರಿ. ಸುಂಕ ಇಲ್ಲಂದ್ರ ಮೆಸೇಜ್ ಬರಲ್ಲ. ಒಂದು ಇಡ್ರಿ."

ನೂರಕ್ಕೆ ಒಂದು ಇಟ್ಟೆ. ಸಂಬಳವಿಲ್ಲದೆ ನನ್ನ ನಾವಿಕರೆಲ್ಲ ಓಡಿಹೋದರು. ನಲವತ್ತು ಹಡಗುಗಳಲ್ಲಿ ಈಗ ಒಂದೇ ಉಳಿದಿದೆ. ಸಿದ್ದಲಿಂಗೇಶ್ ಒಂದು ವಾರ ಸೂತಕ ಆಚರಿಸಿದ.

ಆ ಭಾನುವಾರ ಸಂಜೆ ಹೊಸಪೇಟೆಗೆ ಹೊರಟಾಗ ಹುಸೇನಪ್ಪ ತಾನಾಗಿಯೇ ಡಬ್ಬಿ ಇಸಿದುಕೊಂಡು ತನ್ನ ಸೀಟಿನ ಮೇಲಿಟ್ಟ. ಊರು ಬಂದ ಮೇಲೆ, "ತೆಗೀರಿ ಸರ್. ನನ್ನ ಮುಂದ ಎಣಸ್ರಿ," ಎಂದ. ಬ್ಯಾಡ ಎಂದರೂ ಬಿಡಲಿಲ್ಲ. ತೆಗೆದು ಎಣಿಸಿದೆ. ಆರು!

"ಒಂದು ನಂದು," ಎಂದು ಹುಸೇನಪ್ಪ ಕೈ ಹಾಕಿದ. "ಮೇಡಮ್ಮು ಫೋನ್ ಮಾಡಿ ಹೇಳ್ಯಾರ. ಇನ್ನ ಮ್ಯಾಲ ದಿನಾ ಆರು. ಒಂದು ನನ್ನ ಸುಂಕ." ಇಡೀ ಬಸ್ಸು ನೋಡುತ್ತಿರುವಂತೆಯೇ ಪಲ್ಯ ಸುತ್ತಿಕೊಂಡು ತಿನ್ನತೊಡಗಿದ.

ಆರಕ್ಕೆ ಒಂದು. ನೂರಕ್ಕೆ ಹದಿನಾರು ಚಿಲ್ಲರೆ ಎಂದು ಮನಸ್ಸು ತಾನಾಗಿ ಲೆಕ್ಕ ಹಾಕಿತು. "ಇರ್ಲಿ ಹುಸೇನಪ್ಪ. ಆದ್ರ ದರ ಏರ್ಸಬ್ಯಾಡ ಮತ್ತ," ಎಂದೆ.

ಅವನು ಅಗಿಯುತ್ತಲೇ ಸೀಟಿ ಊದಲು ಬಾಯಿ ಒರೆಸಿಕೊಂಡ. "ಏರ್ಸಲ್ರಿ ಸರ್. ನಾ ಏನು ಎಂ.ಎಸ್ಸಿ. ಓದೀನೇನು?"