ಮಳೆಕಾಡಿಗೆ ಜೀನ್ಸ್ ಹೊಲಿಯಲು ಹೋದವನು

ಕಾಡಿಗೆ ಹೋಗಬೇಕೆಂದರೆ ಯಾರಾದರೂ ಅಟ್ಟಬೇಕು. ನನ್ನ ತಮ್ಮನನ್ನು ಯಾರೂ ಅಟ್ಟಲಿಲ್ಲ. ಹಲ್ಲು ಉದುರುವ ವಯಸ್ಸಿನಲ್ಲಿ ತಾನೇ ವಿಮಾನ ಹತ್ತಿ ಆಫ್ರಿಕಾದ ಲೈಬೀರಿಯಾಕ್ಕೆ ಹೋದ. ಪಕ್ಕದೂರು ಕಣೇಕಲ್ಲಿಗೆ ಆಟೋದಲ್ಲಿ ಹೋದರೂ ವಾಂತಿ ಮಾಡಿಕೊಳ್ಳುವ ಆಸಾಮಿ ಇವನು!

ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿದೂ ಹೊಲಿದೂ ಅವನ ಬೆನ್ನು ಬಾಗಿತ್ತು. ಲೈಬೀರಿಯಾದ ಕಾಡಿನೊಳಗಿನ ಅದಿರಿನ ಗಣಿಗೆ ಒಬ್ಬ ಟೈಲರ್ ಬೇಕೆಂದು ಯಾರೋ ಏಜೆಂಟ್ ಹೇಳಿದ್ದೇ ತಡ, ಕುಣಿದುಬಿಟ್ಟ.

"ಅದಿರು ನೋಡಬೇಕಂದ್ರ ಬಳ್ಳಾರಿಗೆ ಹೋಗಲೇ, ಬಸ್ ಐತಿ" ಎಂದೆ.

"ಬಳ್ಳಾರ್ಯಾಗ ಕಾಡೆಲ್ಲೈತಕ್ಕ? ಜಾಲಿ ಬಿಟ್ಟು ಬ್ಯಾರೆ ಗಿಡ ನೋಡಿ ಸಾಯ್ತೀನಿ."

"ನೋಡು. ಸಾಯಬ್ಯಾಡ."

ನಮ್ಮವ್ವನ ಮಕ್ಕಳಲ್ಲಿ ಉಳಿದಿರುವುದು ನಾವಿಬ್ಬರೇ. ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಮನಸಾರೆ ಬೈಯಲು ನನಗೂ ಬೇರೆ ಯಾರಿದ್ದಾರೆ?

ಅಲ್ಲಿ ಗುಡ್ಡ ಹತ್ತಿದರೆ ಮಾತ್ರ ಫೋನು ಸಿಗುತ್ತದಂತೆ. ಮೊದಲ ಸಲ ಹತ್ತಿ ಹೇಳಿದ್ದು ಮಳೆಯ ಸುದ್ದಿ. ನಮ್ಮೂರಲ್ಲಿ ಮಳೆ ಬಂದರೆ ಏನು ಮಾಡುತ್ತೇವೆ? ಮಿಷನ್ ನಿಲ್ಲಿಸಿ ಎಲ್ಲರೂ ಬಾಗಿಲಿಗೆ ಬಂದು ನೋಡುತ್ತೇವೆ. ಅದು ನಿಂತ ಮೇಲೆ ಬಜ್ಜಿ, ಆಮೇಲೆ ಕೆಲಸ. ಇವನೂ ಅಲ್ಲಿ ಹಾಗೇ ಹೊರಗೆ ಬಂದು ನಿಂತ. ಸಂಜೆಯಾದರೂ ಮಳೆಯೂ ಬಿಡಲಿಲ್ಲ, ಇವನೂ ಒಳಗೆ ಹೋಗಲಿಲ್ಲ. ಮಾರನೇ ದಿನವೂ ಅದೇ. ತೆಲುಗು ಮೇಸ್ತ್ರಿಯೊಬ್ಬ ಬಂದು, ಇಲ್ಲಿ ದಿನಾ ಹೀಗೇ, ಹೋಗಿ ಹೊಲಿ ಎಂದು ಗದರಿದನಂತೆ.

"ದಿನಾ ಬಂದ್ರ ಅದೇನ್ ಮಳಿ ಅಕ್ಕ?" ಎಂದ, ಮೋಸಹೋದವನ ಹಾಗೆ.

ಆಮೇಲೆ ಪ್ಯಾಂಟಿನ ಕಥೆ. ಗಟ್ಟಿ ಕೆಲಸಕ್ಕೆ ಗಟ್ಟಿ ಬಟ್ಟೆ ಎಂದು ಗಣಿಯವರಿಗೆಲ್ಲ ದಪ್ಪ ಜೀನ್ಸನ್ನೇ ಹೊಲಿದು ತೊಡಿಸಿದ. ನಮ್ಮ ಬಿಸಿಲಿನಲ್ಲಿ ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಜೀನ್ಸು ಒಣಗುತ್ತದೆ. ಅಲ್ಲಿ ಒಗೆದದ್ದು ಒಣಗಲೇ ಇಲ್ಲ, ಬೂಷ್ಟು ಹಿಡಿಯಿತು. ಕೊನೆಗೆ ಅಡುಗೆಯವನು ಮೀನಿಗೆ ಹೊಗೆ ಹಾಕುವ ಒಲೆಯ ಮೇಲೆ ಗಣಿಯವರು ಪ್ಯಾಂಟುಗಳನ್ನೂ ಸಾಲಾಗಿ ತೂಗುಹಾಕಿದರು.

"ಒಣಗಿದ್ವೇನು?"

"ಒಣಗ್ಯಾವ. ಆದ್ರ ಹಾಕ್ಕೊಂಡವ್ರನ್ನ ನಾಯಿ ಬೆನ್ನತ್ತತಾವ."

ಅಷ್ಟಾದ ಮೇಲೆ ಫೋನು ಬರುವುದೇ ನಿಂತಿತು. ಏಜೆಂಟನನ್ನು ಹಿಡಿದು ಕೇಳಿದರೆ, ಸೇತುವೆ ಕೊಚ್ಚಿಹೋಗಿದೆ, ಕ್ಯಾಂಪಿನಲ್ಲಿ ಜ್ವರ ಎದ್ದಿದೆ, ಹೆಚ್ಚಿಗೆ ತಿಳಿಯದು ಎಂದ. ಓಣಿಯ ಹೆಂಗಸರು ಮುಖ ಸಣ್ಣದು ಮಾಡಿಕೊಂಡು ಬಂದು ಕೂತರು. "ಸತ್ತಿದ್ರ ಹೇಳಿ ಕಳಿಸ್ತಿದ್ರು. ಎದ್ದು ಅಡಿಗಿ ನೋಡ್ಕೋರಿ ಹೋಗ್ರಿ" ಎಂದು ಅಟ್ಟಿದೆ. ಆದರೆ ಫೋನನ್ನು ಬಚ್ಚಲಿಗೂ ಒಯ್ಯುತ್ತಿದ್ದೆ.

ಒಂದು ಮಧ್ಯಾಹ್ನ ರೊಟ್ಟಿ ಬಡಿಯುವಾಗ ಫೋನು ಬಡಿದುಕೊಂಡಿತು. "ಅಕ್ಕ, ಊಟ ಆತೇನು?" ಎಂದ. ಏನೂ ಆಗದವನ ಹಾಗೆ! ಜ್ವರದಲ್ಲಿ ಮಲಗಿದ್ದನಂತೆ, ಗುಡ್ಡ ಹತ್ತುವ ಶಕ್ತಿ ಈಗ ಬಂತಂತೆ. ಕನ್ನಡದಲ್ಲಿ ಬೈದೆ, ಸಾಲದೆ ತೆಲುಗಿನಲ್ಲೂ ಬೈದೆ. ಹೆಂಚಿನ ಮೇಲೆ ರೊಟ್ಟಿ ಸೀದು ಕರ್ರಗಾಯಿತು. ಆಗಲಿ ಬಿಡಿ. ಎದೆಯ ಮೇಲಿನ ಬೀಸುಕಲ್ಲು ಇಳಿದಿತ್ತು.

ಮೊನ್ನೆ ಮನೆಗೆ ಬಂದ. ಶರ್ಟು ಗೂಟಕ್ಕೆ ಸಿಕ್ಕಿಸಿದಂತೆ ಮೈಮೇಲೆ ನೇತಾಡುತ್ತಿತ್ತು. ಕಟ್ಟೆಯ ಮೇಲೆ ಕೂರಿಸಿ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು.

"ಜ್ವರ ಯಾವಾಗೋ ಬಿಟ್ಟೈತಕ್ಕ, ಕೈ ತೆಗಿ."

"ಸುಮ್ನ ಕುಂದ್ರು. ಇನ್ನಾ ನೋಡಾಕತ್ತೀನಿ."