ಅತ್ತೆಯ ಶೂ ಹೋದ ದಾರಿ

ನಮ್ಮ ಮಾವನ ಮನೆಗೆ ಊಟಕ್ಕೆ ಹೋದವರು ಯಾರೂ ತಮ್ಮ ಕಾಲಿನ ಶೂ ಮೇಲಿನ ನಂಬಿಕೆಯನ್ನು ಉಳಿಸಿಕೊಂಡು ಹಿಂದಿರುಗಿದ್ದಿಲ್ಲ. ಕೆಲವರು ಶೂವನ್ನೇ ಉಳಿಸಿಕೊಂಡಿಲ್ಲ!

ಮಾವ ಎಂದರೆ ನನ್ನ ತಾಯಿಯ ಅಣ್ಣ. ಮ್ಯಾನ್‌ಹಾಟನ್ನಿನ ಆಚೆಯ ಪಿಸ್ಕಾಟವೇ ಎಂಬ ಊರಿನ ಒಂದು ಟೆಲಿಕಾಂ ಕಂಪನಿಯಲ್ಲಿ ಬಹಳ ವರ್ಷ ದುಡಿದು ರಿಟೈರ್ ಆದವರು. ನೋಡಿದರೆ ಸಾಧು ಮನುಷ್ಯ. ಬಂದವರನ್ನು ಬಾಗಿಲಲ್ಲೇ ಎದುರುಗೊಂಡು, "ಬನ್ನಿ ಬನ್ನಿ, ಶೂ ಇಲ್ಲೇ ಬಿಡಿ" ಎನ್ನುತ್ತಾರೆ. ನಮ್ಮವರ ಮನೆಗಳಲ್ಲಿ ಹೀಗೆ ಹೇಳದವರು ಯಾರಿದ್ದಾರೆ? ಅತಿಥಿಗಳು ಬಿಟ್ಟು ಒಳಗೆ ಹೋಗುತ್ತಾರೆ. ಅವರು ಬಿಸಿಬೇಳೆಬಾತಿಗೆ ತುಪ್ಪ ಬಡಿಸಿಕೊಳ್ಳುವ ಹೊತ್ತಿಗೆ ಮಾವ ಗರಾಜಿನಿಂದ ಭೂತಗನ್ನಡಿ, ಚಾಕು ಮತ್ತು ಬೆಂಕಿಪೊಟ್ಟಣ ತಂದು ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕೂತಿರುತ್ತಾರೆ.

ಅವರು ಹುಡುಕುವುದು ಒಂದು ಹಸಿರು ಎಲೆಯನ್ನು. ಈಗಿನ ಶೂಗಳಲ್ಲಿ ಎಲ್ಲಾದರೂ ಒಂದು ಕಡೆ, ಅಟ್ಟೆಯ ತಳದಲ್ಲೋ ಹಿಮ್ಮಡಿಯ ಒಳಗೋ, ಒಂದು ಪುಟ್ಟ ಎಲೆ ಅಚ್ಚಾಗಿರುತ್ತದೆ. ಪಕ್ಕದಲ್ಲಿ, ಇದು ಮರುಬಳಕೆಯ ವಸ್ತುಗಳಿಂದ ಮಾಡಿದ್ದು, ಇದನ್ನು ತೊಟ್ಟು ನಡೆದರೆ ಭೂಮಿತಾಯಿಗೆ ನೋವಾಗುವುದಿಲ್ಲ ಎಂಬ ಅರ್ಥದ ಒಂದು ಸಾಲು. ಆ ಎಲೆ ಕಂಡರೆ ಮಾವನಿಗೆ ಮೈಯೆಲ್ಲ ಉರಿಯುತ್ತದೆ.

ಒಮ್ಮೆ ಲಾಂಗ್ ಐಲೆಂಡಿನ ಜೆರಿಕೋದಿಂದ ಒಬ್ಬ ಡಾಕ್ಟರ್ ಅಂಕಲ್ ಬಂದಿದ್ದರು. ನಾವು ಊಟ ಮಾಡುತ್ತಿದ್ದಾಗ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಹಿಂದೆಯೇ ಮಾವ ಬಂದರು.

"ಡಾಕ್ಟ್ರೇ, ನಿಮ್ಮ ಶೂ ಸಮುದ್ರದಿಂದ ಎತ್ತಿದ ಬಾಟಲಿಯಿಂದ ಮಾಡಿದ್ದು ಅಂತ ಬರ್ದಿದಾರೆ."

"ಹೌದು ಸರ್, ಅದಕ್ಕೇ ತಗೊಂಡೆ."

"ಬಾಟಲಿ ಇರೋದು ಲೇಸಲ್ಲಿ ಮಾತ್ರ. ಒಳಗೆ ಏನಿದೆ ಅಂತ ನೋಡಿದೀರಾ?"

"ಇಲ್ಲ."

"ನಾನು ನೋಡ್ದೆ," ಎಂದು ಮಾವ ಬೆನ್ನ ಹಿಂದಿನಿಂದ ಕೈ ಮುಂದೆ ತಂದರು. ಶೂ ಉದ್ದಕ್ಕೆ ಎರಡು ಹೋಳಾಗಿತ್ತು. ಡಾಕ್ಟರು ಅಂದು ಮಾವನ ಬಾತ್‌ರೂಮ್ ಚಪ್ಪಲಿ ಮೆಟ್ಟಿಕೊಂಡು ಲಾಂಗ್ ಐಲೆಂಡಿನವರೆಗೆ ಡ್ರೈವ್ ಮಾಡಿದರು. ಈಗಲೂ ಬಂದರೆ ಶೂವನ್ನು ಕಾರಿನಲ್ಲೇ ಬಿಟ್ಟು, ಹಿಮ ಬಿದ್ದಿದ್ದರೂ ಬರೀ ಸಾಕ್ಸಿನಲ್ಲಿ ಬಾಗಿಲವರೆಗೆ ಓಡಿ ಬರುತ್ತಾರೆ.

ಹೀಗೆ ಕೊಯ್ದ ಶೂಗಳೆಲ್ಲ ಬೇಸ್‌ಮೆಂಟಿನ ಹಲಗೆಗಳ ಮೇಲೆ ಸಾಲಾಗಿ ನಿಂತಿವೆ. ಎಲ್ಲವೂ ಅರ್ಧರ್ಧ, ಎಲ್ಲದರ ಮೂತಿಯೂ ಗೋಡೆಯ ಕಡೆಗೆ. ದೀಪ ಹಾಕಿದ ಕೂಡಲೇ, ಅಲ್ಲಿಯವರೆಗೆ ಮಾತನಾಡುತ್ತಿದ್ದ ಜನ ನಮ್ಮನ್ನು ಕಂಡು ಬೆನ್ನು ತಿರುಗಿಸಿ ನಿಂತಂತೆ ಇರುತ್ತದೆ. ನನ್ನ ಮಗಳು ಅಲ್ಲಿಗೆ ಇಳಿಯುವುದಿಲ್ಲ. "ದೇರ್ ಆರ್ ಪೀಪಲ್ ಡೌನ್ ದೇರ್, ಅಮ್ಮ" ಎನ್ನುತ್ತಾಳೆ. ನಾನು ನಕ್ಕು ಬೈದಿದ್ದೇನೆ. ನಾನೂ ಇಳಿಯುವುದಿಲ್ಲ.

ಇದಕ್ಕೆಲ್ಲ ಕಾರಣ ಅತ್ತೆಯ, ಅಂದರೆ ಮಾವನ ಹೆಂಡತಿಯ, ನಂಬಿಕೆ. ಅತ್ತೆ ಒಂದು ಡೇಕೇರಿನಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಅವರು ಯಾವಾಗಲೂ ಒಂದೇ ಕಂಪನಿಯ ವಾಕಿಂಗ್ ಶೂ ಕೊಳ್ಳುತ್ತಿದ್ದರು. ಆ ಕಂಪನಿ ಶಾಪಿಂಗ್ ಮಾಲಿನ ಅಂಗಡಿಯಲ್ಲಿ ಒಂದು ಹಸಿರು ಡಬ್ಬ ಇಟ್ಟಿತ್ತು. ಹಳೆಯ ಶೂ ಅದಕ್ಕೆ ಹಾಕಿದರೆ ಪುಡಿ ಮಾಡಿ, ಮಕ್ಕಳ ಆಟದ ಬಯಲಿಗೆ ಮೆತ್ತನೆಯ ನೆಲ ಮಾಡುತ್ತೇವೆ ಎಂದು ಅದರ ಮೇಲೆ ಬರೆದಿತ್ತು. ಬಿದ್ದ ಮಗುವಿನ ಮಂಡಿ ತರಚದು! ಅತ್ತೆಗೆ ಇನ್ನೇನು ಬೇಕು? ಶೂ ಹಾಕಿದ ಮೇಲೆ ಡಬ್ಬವನ್ನು ಒಮ್ಮೆ ತಟ್ಟಿ ಬರುತ್ತಿದ್ದರು.

"ಅದು ಬರೀ ಅಡ್ವರ್ಟೈಸ್‌ಮೆಂಟ್ ಕಣೇ. ಎಲ್ಲಾ ಕಸದ ಗುಂಡಿಗೆ ಸುರೀತಾರೆ," ಎನ್ನುತ್ತಿದ್ದರು ಮಾವ.

"ನೀವು ಹೋಗಿ ನೋಡಿದೀರಾ?" ಎನ್ನುತ್ತಿದ್ದರು ಅತ್ತೆ.

ಮಾವ ಕಂಪನಿಗೆ ಕಾಗದ ಬರೆದರು. ನನ್ನ ಹೆಂಡತಿಯ ಶೂ ಪುಡಿಯಾಗುವ ಜಾಗದ ವಿಳಾಸ ಕೊಡಿ ಎಂದು ಒಂದೇ ಪ್ರಶ್ನೆ. ಭೂಮಿಯ ಬಗ್ಗೆ ನಿಮಗಿರುವ ಕಾಳಜಿ ನಮ್ಮ ಹೃದಯ ತಟ್ಟಿತು, ಇದೊಂದು ದೀರ್ಘ ಪಯಣ, ನಮ್ಮೊಂದಿಗೆ ಹೆಜ್ಜೆ ಹಾಕುತ್ತಿರುವುದಕ್ಕೆ ವಂದನೆ ಎಂದು ಉತ್ತರ ಬಂತು. ಮಾವ ಇನ್ನೊಂದು ಬರೆದರು. ಅಕ್ಷರ ಬದಲಾಗದೆ ಅದೇ ಉತ್ತರ ಬಂತು.

"ವಿಳಾಸ ಕೇಳಿದ್ರೆ ಪಯಣ ಅಂತಾರಲ್ಲ!" ಎಂದು ಮಾವ ಕೂಗಾಡಿದರು.

"ವೈಕುಂಠ ಎಲ್ಲಿದೆ ಅಂತ ಪುರೋಹಿತರನ್ನ ಕೇಳಿದ್ರೂ ಹಿಂಗೇ ಅಲ್ವಾ ಹೇಳೋದು," ಎಂದು ಅತ್ತೆ ಒಗ್ಗರಣೆ ಹಾಕಿದರು.

ಹೋದ ವರ್ಷ ಅತ್ತೆ ತೀರಿಕೊಂಡರು. ಕೊನೆಯ ವಾರ, ನಾನು ಪಕ್ಕದಲ್ಲಿದ್ದಾಗಲೇ ಮಾವನನ್ನು ಕರೆದು, "ನನ್ನ ಶೂ ಮಾತ್ರ ಕೊಯ್ಬೇಡಿ. ನೀವೇ ಹೋಗಿ ಆ ಡಬ್ಬಕ್ಕೆ ಹಾಕಿ. ಒಂದೇ ಒಂದು ಸಲ ಪರೀಕ್ಷೆ ಮಾಡದೆ ನಂಬಿ," ಎಂದರು. ಮಾವ ಆಗಲಿ ಎಂದರು.

ಹನ್ನೆರಡನೆಯ ದಿನ ದಾನಗಳ ಸಾಲಿನಲ್ಲಿ ಕೊಡೆಯೂ ಪಾದರಕ್ಷೆಯೂ ಬಂದವು. ಹೋದವರ ದಾರಿಯಲ್ಲಿ ಕಾದ ಮರಳು, ಮುಳ್ಳು ಇರುತ್ತದಂತೆ. ಇಲ್ಲಿ ಕೊಟ್ಟ ಪಾದರಕ್ಷೆ ಅಲ್ಲಿ ಅವರ ಕಾಲಿಗೆ ಸಿಗುತ್ತದಂತೆ. ಮಾವ ಹೊಸ ಚಪ್ಪಲಿಯ ಜೋಡಿಯನ್ನು ತಿರುಗಿಸಿ ತಳ ನೋಡಿದರು. ಎಲೆ ಇರಲಿಲ್ಲ. ಆಮೇಲೆ ಮೆಲ್ಲಗೆ, "ಇದು ಅವಳಿಗೆ ಮುಟ್ಟಿತು ಅಂತ ನಮಗೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದರು. ವಾರದ ದಿನಗಳಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಮ್ಮ ಪುರೋಹಿತರು ಸ್ವಲ್ಪ ಯೋಚಿಸಿ, "ಆ ಫೀಚರ್ ಇಲ್ಲ ಸರ್," ಎಂದರು.

ಇಲ್ಲದ ಫೀಚರನ್ನು ಮಾವ ತಾವೇ ಮಾಡಿದರು. ನಾಣ್ಯದಷ್ಟಗಲದ ಒಂದು ಬಿಲ್ಲೆ. ತಾನು ಎಲ್ಲಿದ್ದೇನೆ ಎಂದು ಅದು ಫೋನಿಗೆ ತಿಳಿಸುತ್ತದೆ, ನಕ್ಷೆಯ ಮೇಲೆ ಒಂದು ನೀಲಿ ಚುಕ್ಕೆ ಕಾಣುತ್ತದೆ. ಅತ್ತೆಯ ಎಡಗಾಲಿನ ಶೂವಿನ ಒಳಗಟ್ಟೆ ಎತ್ತಿ, ಹಿಮ್ಮಡಿಯಲ್ಲಿ ಅದನ್ನು ಕೂರಿಸಿ ಅಂಟಿಸಿದರು. ಕೊಯ್ದಿಲ್ಲ, ಎತ್ತಿದ್ದಷ್ಟೇ ಎಂದು ನನಗೆ ಸಮಜಾಯಿಷಿ ಕೊಟ್ಟರು. ಚುಕ್ಕೆಗೆ 'ಇವಳು' ಎಂದು ಹೆಸರಿಟ್ಟರು. ನನ್ನ ಫೋನಿಗೂ ಸೇರಿಸಿದರು. 'ಇವಳು ಹೊರಟಳು', 'ಇವಳು ನಿಂತಳು', 'ಇವಳು ಮನೆಗೆ ಬಂದಳು' ಎಂದು ಮೂರು ಸಂದೇಶ ಬರುವ ಹಾಗೆ ಬರೆದಿದ್ದರು. ಮೂರನೆಯದು ಯಾಕೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

"ಮಾವ, ಅತ್ತೆ ಬೇಡ ಅಂದಿದ್ರಲ್ಲ," ಎಂದೆ.

"ಗುಂಡಿಗೆ ಹೋದ್ರೆ? ನನ್ನ ಕೈಯಾರೆ ಅವಳನ್ನ ಕಸಕ್ಕೆ ಹಾಕಿದ ಹಾಗಾಗುತ್ತೆ ಕಣಮ್ಮ. ಅದೊಂದು ಗೊತ್ತಾಗ್ಬೇಕು ನಂಗೆ."

ಶೂ ಡಬ್ಬಕ್ಕೆ ಬಿತ್ತು. ಎರಡು ವಾರ ಚುಕ್ಕೆ ಮಾಲಿನಲ್ಲೇ ಇತ್ತು. ಆಮೇಲೆ ಒಂದು ಬೆಳಗ್ಗೆ ನಾನು ಮಗಳ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಾಗ ಫೋನ್ ಟಿಣ್ ಎಂದಿತು. ಇವಳು ಹೊರಟಳು. ಸೌಟು ಕೈಯಿಂದ ಜಾರಿತು. ಮಾವ ಕರೆ ಮಾಡಿದರು. "ನಿಮ್ಮತ್ತೆ ಸೀಕಾಕಸ್‌ಗೆ ಹೋಗಿದಾಳೆ."

ನಾನು ಕೆಲಸಕ್ಕೆ ಹೋಗುವ ಮ್ಯಾನ್‌ಹಾಟನ್ ರೈಲು ದಿನವೂ ಸೀಕಾಕಸ್‌ನಲ್ಲಿ ನಿಲ್ಲುತ್ತದೆ. ಸುತ್ತ ಜೌಗು, ಜೊಂಡು, ಅದರಾಚೆ ಕಿಟಕಿಗಳೇ ಇಲ್ಲದ ವೇರ್‌ಹೌಸುಗಳು. ಚಳಿಗಾಲದ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿರುತ್ತದೆಂದರೆ ಗೋಡೆಗಳು ಮಾತ್ರ ತೇಲುತ್ತಿರುತ್ತವೆ. ಅಷ್ಟು ವರ್ಷ ನಾನು ಅವನ್ನು ತಲೆಯೆತ್ತಿ ನೋಡಿದವಳಲ್ಲ. ಈಗ ಚುಕ್ಕೆ ಅವುಗಳಲ್ಲೊಂದರ ಒಳಗೆ ಆರು ವಾರ ಅಲುಗಾಡದೆ ಕೂತಿತ್ತು. ರೈಲು ನಿಂತಾಗ ನನಗೆ ಅರಿವಿಲ್ಲದೆ ಅತ್ತ ಕೈ ಬೀಸುತ್ತಿದ್ದೆ. ಎದುರು ಕೂತವರು ನನ್ನನ್ನೂ ಕಿಟಕಿಯಾಚೆಯ ಖಾಲಿ ಗೋಡೆಯನ್ನೂ ನೋಡಿ ಜಾಗ ಬದಲಿಸುತ್ತಿದ್ದರು. ಮಾವನ ಮರುಳು ನನಗೂ ಹತ್ತಿತ್ತು.

ಏಳನೆಯ ವಾರ ಬೆಳಗಿನ ಕಾಫಿಯ ಹೊತ್ತಿಗೆ ಮಾವನ ಕರೆ. ದನಿಯೇ ಬೇರೆಯಾಗಿತ್ತು.

"ನಿಮ್ಮತ್ತೆ ನಡೀತಿದಾಳೆ."

"ಏನಂದ್ರಿ?"

"ಫೋನ್ ತೆಗೆದು ನೋಡು."

ನೋಡಿದೆ. ಮಾವನ ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷದ ಒಂದು ಬೀದಿಯಲ್ಲಿ ಚುಕ್ಕೆ ನಿಧಾನವಾಗಿ ಸಾಗುತ್ತಿತ್ತು. ಅತ್ತೆ ವಾಕಿಂಗ್ ಹೋಗುತ್ತಿದ್ದ ಹೊತ್ತೇ. ಅದೇ ವೇಗ. ಅತ್ತೆಗೆ ಮಂಡಿ ನೋವಿತ್ತು, ಪ್ರತಿ ತಿರುವಿನಲ್ಲೂ ಅರೆ ನಿಮಿಷ ನಿಂತು ಮುಂದುವರಿಯುತ್ತಿದ್ದರು. ಚುಕ್ಕೆ ತಿರುವಿಗೆ ಬಂತು. ನಿಂತಿತು. ನಾನು ಎಣಿಸಿದೆ. ಅರೆ ನಿಮಿಷವಾದ ಮೇಲೆ ಮತ್ತೆ ಹೊರಟಿತು. ಒಲೆಯ ಮೇಲೆ ಹಾಲು ಉಕ್ಕಿ ಸುರಿದದ್ದು ನನಗೆ ಕೇಳಿಸಲೇ ಇಲ್ಲ.

ಅಂದಿನಿಂದ ಮಾವ ದಿನವೂ ಎರಡು ಲೋಟ ಕಾಫಿ ಮಾಡಿಕೊಂಡು ಫೋನಿನ ಮುಂದೆ ಕೂರತೊಡಗಿದರು. ನಾನು ಒಂದು ದಿನ ಗಟ್ಟಿ ಮನಸ್ಸು ಮಾಡಿ ಹೇಳಿದೆ: "ಮಾವ, ಶೂ ಕಸಕ್ಕೆ ಹೋಗಿಲ್ಲ ಅಂತ ಗೊತ್ತಾಯ್ತಲ್ಲ. ಈಗ ನಾವು ಹಿಂಬಾಲಿಸ್ತಿರೋದು ಯಾರೋ ಮನುಷ್ಯರನ್ನ. ಇದು ತಪ್ಪು. ಆ ಬಿಲ್ಲೆ ತೆಗೀಬೇಕು."

"ಗೊತ್ತು. ತೆಗೆದ್ರೆ ಅವಳು ಇನ್ನೊಂದ್ಸಲ ಹೊರಟುಹೋಗ್ತಾಳೆ," ಎಂದರು ಮಾವ.

ಚುಕ್ಕೆ ಶನಿವಾರಗಳಂದು ಬೆಳಗ್ಗೆ ದೇವಸ್ಥಾನಕ್ಕೆ ಹೋಗುತ್ತಿತ್ತು. ಅತ್ತೆ ಹೋಗುತ್ತಿದ್ದ ದೇವಸ್ಥಾನಕ್ಕೇ! ಮುಕ್ಕಾಲು ಗಂಟೆ ಅಲ್ಲೇ ಇದ್ದು ಹಿಂದಿರುಗುತ್ತಿತ್ತು. ಒಂದು ಶನಿವಾರ ನಾನೂ ಮಾವನೂ ಹೋದೆವು. ಹೊರಗೆ ಮಂಜು ಕವಿದಿತ್ತು. ಒಳಗೆ ಶೂ ಬಿಡುವ ಕೋಣೆಯಲ್ಲಿ ಯಾರೂ ಇರಲಿಲ್ಲ. ಗೋಡೆಯುದ್ದಕ್ಕೂ ಗೂಡುಗಳು, ಗೂಡುಗಳ ತುಂಬ ಖಾಲಿ ಬೂಟು, ಶೂ, ಚಪ್ಪಲಿ. ದೂರದಲ್ಲಿ ಗಂಟೆ ಹೊಡೆಯುತ್ತಿತ್ತು. ಮಾವ ಗೂಡಿನಿಂದ ಗೂಡಿಗೆ ಬಗ್ಗಿ ನೋಡುತ್ತ ಹೋದರು. ಮೂರನೆಯ ಸಾಲಿನ ಕೊನೆಯಲ್ಲಿ ನಿಂತುಬಿಟ್ಟರು.

ಅತ್ತೆಯ ಶೂ. ದೇವಸ್ಥಾನದಲ್ಲಿ ಅದಲು ಬದಲಾಗದಿರಲಿ ಎಂದು ಅತ್ತೆ ಹಿಮ್ಮಡಿಯ ಕುಣಿಕೆಗೆ ಕಟ್ಟಿದ್ದ ಕೆಂಪು ಉಲ್ಲನ್ ದಾರ ಹಾಗೇ ಇತ್ತು. ಮಾವ ಒಂದು ಶೂವಿನ ಒಳಗೆ ಕೈ ಹಾಕಿದರು.

"ಬೆಚ್ಚಗಿದೆ," ಎಂದರು.

ಮಂಗಳಾರತಿ ಮುಗಿದು ಒಳಗಿನ ಬಾಗಿಲು ತೆರೆಯಿತು. ಸ್ವೆಟರಿನ ಮೇಲೆ ಸೆರಗು ಹೊದ್ದ, ಅತ್ತೆಯಷ್ಟೇ ಎತ್ತರದ ಒಬ್ಬ ಹೆಂಗಸು ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು ನೇರವಾಗಿ ನಮ್ಮ ಕಡೆಗೇ ಬಂದರು. ಮಾವ ಕಣ್ಣು ಮುಚ್ಚಿದರು. ತೆರೆದಾಗ ಎದುರಿಗಿದ್ದದ್ದು ಐವತ್ತು ದಾಟಿದ ಒಬ್ಬ ಗುಜರಾತಿ ಆಂಟಿ. ತಮ್ಮ ಶೂ ಹಿಡಿದು ಕಣ್ಣು ಮುಚ್ಚಿ ನಿಂತಿದ್ದ ಮುದುಕನನ್ನು ಆಕೆ ಬೆರಗಾಗಿ ನೋಡುತ್ತಿದ್ದರು.

ನಮ್ಮ ಅತ್ತೆಯ ಶೂ ಹೀಗೇ ಇತ್ತು, ಅದಕ್ಕೇ ನೋಡುತ್ತಿದ್ದೆವು ಎಂದೆ. ಆಕೆ ನಕ್ಕರು. ಹಿಂದಿಯಲ್ಲಿ ಹೇಳಿದ್ದಿಷ್ಟು: ಅವರು ಸೀಕಾಕಸ್‌ನ ವೇರ್‌ಹೌಸಿನಲ್ಲಿ ದಿನವಿಡೀ ನಿಂತು ಹಳೆಯ ಶೂ ವಿಂಗಡಿಸುತ್ತಾರೆ. ಚೆನ್ನಾಗಿರುವುದು ಮಾರಾಟಕ್ಕೆ. ಹರಿದದ್ದನ್ನು ಮೂಟೆ ಕಟ್ಟಿ ಹಡಗಿಗೆ ಹಾಕುತ್ತಾರೆ, ಎಲ್ಲಿಗೆ ಎಂದು ಆಕೆಗೆ ಗೊತ್ತಿಲ್ಲ. ವರ್ಷಕ್ಕೊಂದು ಜೋಡಿ ಕೆಲಸದವರು ಇಟ್ಟುಕೊಳ್ಳಬಹುದು.

"ಪುಡಿ ಮಾಡೋ ಮಷೀನು?" ಮಾವ ತಮ್ಮ ಮುರುಕು ಹಿಂದಿಯಲ್ಲಿ ಕೇಳಿದರು.

ಒಂದಿದೆ, ಯಾರಾದರೂ ಕ್ಯಾಮೆರಾ ಹಿಡಿದು ಬಂದ ದಿನ ಓಡಿಸುತ್ತಾರೆ ಎಂದರು ಆಕೆ.

ನಾನು ಮಾವನ ಮುಖ ನೋಡಿದೆ. ಇಷ್ಟು ವರ್ಷದ ವಾದದಲ್ಲಿ ಅವರು ಗೆದ್ದಿದ್ದರು. ಹೋಗಿ ಹೇಳೋಣವೆಂದರೆ ಸೋತವರು ಮನೆಯಲ್ಲಿರಲಿಲ್ಲ.

ಆಕೆ ಬೆಂಚಿನ ಮೇಲೆ ಕೂತು ಶೂಗೆ ಕೈ ಚಾಚಿದರು. ಮಾವ ಕೊಡಲಿಲ್ಲ. ಇದು ಕಾಲಿಗೆ ಏನಾದರೂ ಒತ್ತುತ್ತದೆಯೇ ಎಂದು ಕೇಳಿದರು. ಎಡಗಾಲಿನ ಹಿಮ್ಮಡಿಯಲ್ಲಿ ಕಲ್ಲಿನಂಥದ್ದೇನೋ ಇದೆ, ಅಭ್ಯಾಸವಾಗಿದೆ, ಉಳಿದಂತೆ ಮಂಡಿಗೆ ಬಹಳ ಹಿತ ಎಂದರು ಆಕೆ.

ಮಾವ ನೆಲದ ಮೇಲೆ ಕೂತರು. ಜೇಬಿನ ಚಾಕು ತೆಗೆದು ಒಳಗಟ್ಟೆಯನ್ನು ಎಬ್ಬಿಸಿ, ಬಿಲ್ಲೆಯನ್ನು ಬಿಡಿಸಿ ಅಂಗೈಯಲ್ಲಿ ಮುಚ್ಚಿಕೊಂಡರು. ಅಟ್ಟೆಯನ್ನು ಮತ್ತೆ ಕೂರಿಸಿ, ಹೆಬ್ಬೆರಳಿನಿಂದ ಸುಕ್ಕು ಹೋಗುವವರೆಗೆ ಸವರಿದರು.

"ಕಂಪನಿಯವರ ತಪ್ಪು," ಎಂದರು. ಕಂಪನಿಗಳ ಸುಳ್ಳು ಹಿಡಿಯಲು ಅಷ್ಟೊಂದು ಶೂ ಕೊಯ್ದ ಮನುಷ್ಯ ಹೇಳಿದ ಮೊದಲ ಸುಳ್ಳು ಅದು. ಕೆಂಪು ದಾರ ಬಿಚ್ಚಬೇಡಿ, ಅದಿದ್ದರೆ ಶೂ ಕಳೆಯುವುದಿಲ್ಲ ಎಂದೂ ಹೇಳಿದರು. ಆಕೆ ಎದ್ದು ನಿಂತು ಎಡಗಾಲನ್ನು ಎರಡು ಸಲ ಊರಿ ನೋಡಿ, ಕೈ ಮುಗಿದು, ಮಂಜಿನೊಳಗೆ ಹೊರಟರು. ತಿರುವಿನಲ್ಲಿ ಒಂದು ಗಳಿಗೆ ನಿಂತು, ಮುಂದೆ ಹೋದರು. ಕಾಣಿಸುವಷ್ಟು ದೂರ ಮಾವ ನೋಡುತ್ತಿದ್ದರು.

ಕಾರಿನಲ್ಲಿ ಮಾವ, "ಪರೀಕ್ಷೆ ಮಾಡ್ಬೇಡಿ ಅಂದಿದ್ಲು," ಎಂದರು. ನನಗೆ ಅಳು ಬಂತು. ರಸ್ತೆ ನೋಡುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ.

ಮನೆ ತಲುಪಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಾನು ಒಳಗೆ ಕಾಲಿಟ್ಟೆ. ನನ್ನ ಹಿಂದೆ ಮಾವ ಹೊಸ್ತಿಲು ದಾಟಿದರು. ಇಬ್ಬರ ಫೋನುಗಳೂ ಒಟ್ಟಿಗೆ ಟಿಣ್ ಎಂದವು.

ಇವಳು ಮನೆಗೆ ಬಂದಳು.

ಮಾವ ಬಿಲ್ಲೆಯಿದ್ದ ಅಂಗಿಯ ಜೇಬಿನ ಮೇಲೆ ಕೈಯಿಟ್ಟುಕೊಂಡರು. "ಬಾ, ಶೂ ಇಲ್ಲೇ ಬಿಟ್ಟು ಬಾ," ಎಂದರು ಮೆಲ್ಲಗೆ.

ನನ್ನ ಕಾಲಿನಲ್ಲಿ ಆಗ ಏನೂ ಇರಲಿಲ್ಲ.